ಸಿಮೆಂಟ್ ಶೀಟಿನ ಕಲ್ನಾರು ದೂಳು: ಪೀಣ್ಯದಂಥ ಕಡೆ ದುಡಿಯುವವರೂ ಬಾಳುವವರೂ ವಹಿಸಬೇಕಾದ ಎಚ್ಚರ

ಬೆಂಗಳೂರಿನ ಪೀಣ್ಯದಲ್ಲಿ ಯಾವುದಾದರೂ ಮೂರು ಮಹಡಿಯ ಕಟ್ಟಡದ ತಾರಸಿ ಹತ್ತಿ ನಿಂತರೆ, ಕಣ್ಣು ಹಾಯುವವರೆಗೂ ಬೂದು ಬಣ್ಣದ ಅಲೆಯಲೆ ಶೀಟುಗಳು ಕಾಣುತ್ತವೆ. ಲೇತ್ ಶೆಡ್ಡು, ಫೌಂಡ್ರಿ, ಗೋದಾಮು, ಅವುಗಳ ಬೆನ್ನಿಗೇ ಅಂಟಿಕೊಂಡ ವಠಾರದ ಬಾಡಿಗೆ ಮನೆಗಳು, ಎಲ್ಲದರ ನೆತ್ತಿಯ ಮೇಲೂ ಅವೇ. ನಾವು ಅದನ್ನು ಸಿಮೆಂಟ್ ಶೀಟು ಎನ್ನುತ್ತೇವೆ, ಅಂಗಡಿಯವರು ಎ.ಸಿ. ಶೀಟು ಎನ್ನುತ್ತಾರೆ. ಆ ‘ಎ’ ಆಸ್ಬೆಸ್ಟಾಸ್‌ನದು; ಕನ್ನಡದಲ್ಲಿ ಕಲ್ನಾರು. ಕಲ್ಲೂ ಹೌದು, ನಾರೂ ಹೌದು ಎಂದು ಹೇಳುವ ಈ ಹೆಸರು ಬಹಳ ಸರಿಯಾಗಿದೆ: ಅದು ನೆಲದಿಂದ ಅಗೆದು ತೆಗೆಯುವ ಖನಿಜವಾದರೂ ಹತ್ತಿಯಂತೆ ಎಳೆಎಳೆಯಾಗಿ ಬಿಡಿಸಲು ಬರುತ್ತದೆ, ಬೆಂಕಿಯಲ್ಲಿ ಉರಿಯುವುದಿಲ್ಲ, ಶ್ವಾಸಕೋಶದ ಆಳಕ್ಕೆ ಇಳಿದರೆ ಅಲ್ಲಿಂದ ಸುಲಭವಾಗಿ ಹೊರಬರುವುದೂ ಇಲ್ಲ.

ಇಂಥ ಶೀಟಿನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ 8ರಿಂದ 10ರಷ್ಟು ಬಿಳಿ ಕಲ್ನಾರು, ಅಂದರೆ ಕ್ರೈಸೊಟೈಲ್, ಇರುತ್ತದೆ; ಉಳಿದದ್ದರಲ್ಲಿ ಹೆಚ್ಚಿನದು ಸಿಮೆಂಟು ಮತ್ತು ಹಾರುಬೂದಿ. ಶೀಟು ಇಡಿಯಾಗಿರುವವರೆಗೆ ನಾರು ಸಿಮೆಂಟಿನ ಹಿಡಿತದಲ್ಲಿರುತ್ತದೆ. ಗ್ರೈಂಡರ್ ಬ್ಲೇಡು ತಾಗಿದಾಗ, ಡ್ರಿಲ್ಲು ಇಳಿದಾಗ, ಸುತ್ತಿಗೆ ಬಿದ್ದಾಗ, ಹತ್ತಾರು ಮಳೆಗಾಲ ಕಂಡು ಸವೆದ ಮೇಲ್ಮೈಯನ್ನು ತಂತಿ ಬ್ರಷ್ಷಿನಿಂದ ಉಜ್ಜಿದಾಗ ಆ ಹಿಡಿತ ತಪ್ಪುತ್ತದೆ. ಗ್ರೈಂಡರಿನಿಂದ ಏಳುವ ಬಿಳಿ ಮೋಡ ಸ್ವಲ್ಪ ಹೊತ್ತಿಗೆ ಕೆಳಗೆ ಕೂರುತ್ತದೆ, ನಾವು ಎಲ್ಲ ಮುಗಿಯಿತು ಎಂದುಕೊಂಡು ಪೊರಕೆ ಹಿಡಿಯುತ್ತೇವೆ. ಆದರೆ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣದಾದ, ಕಣ್ಣಿಗೆ ಕಾಣದ ಎಳೆಗಳು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತವೆ.

‘ನೀಲಿ ಕಲ್ನಾರು ಕೆಟ್ಟದ್ದು, ಬಿಳಿಯದು ಏನೂ ಮಾಡುವುದಿಲ್ಲ’ ಎಂಬ ಮಾತು ವ್ಯಾಪಾರದಲ್ಲಿ ಚಲಾವಣೆಯಲ್ಲಿದೆ. ಅದನ್ನು ನಂಬಬೇಡಿ. ಬಿಳಿಯದೂ ಸೇರಿ ಆರೂ ಬಗೆಯ ಕಲ್ನಾರು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ: ಶ್ವಾಸಕೋಶ, ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೊಥೀಲಿಯೋಮ. ಇವಲ್ಲದೆ ಶ್ವಾಸಕೋಶ ಗಾಯಗೊಂಡು ಗಡುಸಾಗುವ ಆಸ್ಬೆಸ್ಟೋಸಿಸ್ ಬೇರೆ. ಕೆಲಸದ ಜಾಗದಲ್ಲಿ ಉಸಿರಾಡಿದ ಕಲ್ನಾರಿನಿಂದ ಜಗತ್ತಿನಲ್ಲಿ ಪ್ರತಿವರ್ಷ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂಬುದು ಅದೇ ಸಂಸ್ಥೆಯ ಅಂದಾಜು. ಐವತ್ತಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ. ಭಾರತದಲ್ಲಿ ಹೊಸ ಗಣಿಗಾರಿಕೆ ನಿಂತು ದಶಕಗಳಾದರೂ ಹೊರದೇಶಗಳಿಂದ ತರಿಸಿ ಶೀಟು ತಯಾರಿಸುವುದು ನಡೆದೇ ಇದೆ. ಹೀಗಿರುವಾಗ ಈ ಶೀಟಿನ ಕೆಳಗೆ ದುಡಿಯುವವರು, ಮಲಗುವವರು ತಮ್ಮ ಕೈಯಲ್ಲಿರುವಷ್ಟನ್ನು ಮಾಡಿಕೊಳ್ಳಬೇಕಾಗುತ್ತದೆ.

ಮೊದಲು ಗುರುತಿಸಿಕೊಳ್ಳಿ

ಅಲೆಯ ಶೀಟೆಲ್ಲವೂ ಕಲ್ನಾರಲ್ಲ. ತಗಡಾದರೆ ಬೆರಳಿನಿಂದ ತಟ್ಟಿದಾಗಲೇ ಗೊತ್ತಾಗುತ್ತದೆ. ಸಿಮೆಂಟ್ ಬಗೆಯದಾಗಿದ್ದು ದಪ್ಪ ಸುಮಾರು 6 ಮಿಲಿಮೀಟರ್ ಇದ್ದರೆ ಶೀಟಿನ ಮೇಲಿನ ಅಚ್ಚು ಹುಡುಕಿ. ಐಎಸ್ 459 ಎಂದಿದ್ದರೆ ಅದು ಕಲ್ನಾರಿನ ಅಲೆ ಶೀಟಿನ ಭಾರತೀಯ ಮಾನಕ. ಐಎಸ್ 14871 ಎಂಬುದು ಬೇರೆ ನಾರು ಹಾಕಿದ ಸಿಮೆಂಟ್ ಶೀಟಿನದು. ಅಚ್ಚು ಅಳಿಸಿಹೋಗಿದ್ದರೆ, ಮೊದಲೇ ಒಡೆದಿರುವ ಅಂಚಿಗೆ ಟಾರ್ಚ್ ಬಿಟ್ಟು ನೋಡಿ, ಮುಟ್ಟಬೇಡಿ: ಬಿಳಿ ಬೂದಿನ ಎಳೆಗಳು ಬೆಕ್ಕಿನ ಮೀಸೆಯಂತೆ ಹೊರಗೆ ಚಾಚಿಕೊಂಡಿರುವುದು ಕಾಣಬಹುದು. ನೋಡಬೇಕೆಂದು ಹೊಸದಾಗಿ ಒಡೆಯುವುದು ಮಾತ್ರ ಬೇಡ. ಅನುಮಾನ ಉಳಿದರೆ ಕಲ್ನಾರೇ ಎಂದು ಭಾವಿಸಿ ನಡೆದುಕೊಳ್ಳುವುದು ಕ್ಷೇಮ, ಅದರಿಂದ ನಷ್ಟವೇನೂ ಇಲ್ಲ.

ಚಾವಣಿ ಬಿಟ್ಟರೆ ಮಳೆನೀರು ಇಳಿಸುವ ಹಳೆಯ ಎ.ಸಿ. ಪೈಪು, ಬಚ್ಚಲೊಲೆಯ ಹೊಗೆ ಹೋಗಲು ಗೋಡೆಯಾಚೆ ನಿಲ್ಲಿಸಿದ ಬೂದು ಕೊಳವೆ, ಅಂಗಡಿಗಳ ನಡುವೆ ಅಡ್ಡಗೋಡೆಯಾಗಿ ನಿಂತ ಚಪ್ಪಟೆ ಶೀಟು, ಇವೂ ಹೆಚ್ಚಾಗಿ ಅದೇ ಜಾತಿಯವು. ಹಳೆಯ ಎ.ಸಿ. ಪೈಪಿನಲ್ಲಿ ಬಂದ ನೀರು ಕುಡಿದವರು ಗಾಬರಿಯಾಗಬೇಕಿಲ್ಲ. ಕುಡಿಯುವ ನೀರಿನ ಮೂಲಕ ಹೊಟ್ಟೆ ಸೇರಿದ ಕಲ್ನಾರು ಕ್ಯಾನ್ಸರ್ ತರುತ್ತದೆ ಎನ್ನಲು ಗಟ್ಟಿಯಾದ ಸಾಕ್ಷ್ಯ ಸಿಕ್ಕಿಲ್ಲ. ಅದೇ ಪೈಪನ್ನು ಗುಂಡಿಯಲ್ಲಿ ಕೂತು ಗ್ರೈಂಡರಿನಿಂದ ಕೊಯ್ಯುವ ಕೆಲಸಗಾರನ ಪಾಡು ಬೇರೆ.

ಶೀಟಿನ ಸ್ಥಿತಿ ನೋಡಿ ತೀರ್ಮಾನಿಸಿ

ಗುರುತಿಸಿದ ಮೇಲೆ ಹಲವರು ಮಾಡುವ ತಪ್ಪೆಂದರೆ, ಹೆದರಿ ಮರುದಿನವೇ ಮೇಸ್ತ್ರಿಯನ್ನು ಕರೆಸಿ ಕಿತ್ತುಹಾಕಿಸುವುದು. ಬಿರುಕಿಲ್ಲದ, ಮೇಲ್ಮೈ ಪುಡಿಯಾಗದ ಶೀಟು ಇದ್ದಲ್ಲೇ ಇದ್ದರೆ ಬಿಡುವ ದೂಳು ಅತಿ ಕಡಿಮೆ. ಅದನ್ನು ಒಂದು ಮಧ್ಯಾಹ್ನ ಒರಟಾಗಿ ಒಡೆದು ಇಳಿಸಿದರೆ ಏಳುವ ದೂಳು ಅದಕ್ಕಿಂತ ಹಲವು ಪಟ್ಟು ಹೆಚ್ಚು. ಹಾಗಾಗಿ ಒಳ್ಳೆಯ ಶೀಟನ್ನು ಮುಟ್ಟದೆ ಬಿಡಿ. ಬಿಸಿಲಿನ ಝಳ ತಡೆಯಲು ಅಥವಾ ಮೇಲ್ಮೈ ಕಟ್ಟಿಹಾಕಲು ಬಣ್ಣ ಹೊಡೆಸುವುದಾದರೆ ಬಳಿಸಬಹುದು, ಆದರೆ ಬಳಿಯುವ ಮುಂಚೆ ಪಾಚಿ ತೆಗೆಯಲು ತಂತಿ ಬ್ರಷ್ಷನ್ನಾಗಲಿ ರಭಸದ ನೀರಿನ ಯಂತ್ರವನ್ನಾಗಲಿ ಬಳಸಲು ಬಿಡಬಾರದು. ಈ ಶೀಟಿನ ಮನೆಗಳಲ್ಲಿ ಅತಿ ಹೆಚ್ಚು ನಾರು ಎಬ್ಬಿಸುವ ‘ರಿಪೇರಿ’ ಬಹುಶಃ ಇದೇ, ಮತ್ತು ಅದನ್ನು ಮಾಡಿಸುವವರು ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ಭಾವಿಸಿರುತ್ತಾರೆ.

ಮಳೆ ನಿಂತ ಮರುದಿನ ಸೂರಿನಡಿ ಬಗ್ಗಿ ನೋಡಿದರೆ ಶೀಟಿನ ವಯಸ್ಸು ತಿಳಿಯುತ್ತದೆ. ನೀರು ಬೀಳುವ ಗೆರೆಯಲ್ಲಿ, ಮಳೆನೀರಿನ ದೋಣಿಯ ತಳದಲ್ಲಿ, ನುಣ್ಣನೆಯ ಬೂದು ಕೆಸರು ಕೂತಿದ್ದರೆ ಶೀಟಿನ ಮೇಲ್ಪದರ ಸವೆದು ನಾರು ತೊಳೆದುಹೋಗುತ್ತಿದೆ ಎಂದರ್ಥ. ಆ ಕೆಸರು ಒಣಗಿ ಕಾಲಡಿಯ ದೂಳಾಗುವ ಮುಂಚೆ, ಒದ್ದೆ ಇರುವಾಗಲೇ ಬಾಚಿ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಇಂಥ ಶೀಟು, ಏಪ್ರಿಲ್‌ನ ಆಲಿಕಲ್ಲಿಗೆ ತೂತಾದ ಶೀಟು, ಗಾಳಿಗೆ ಹಾರದಿರಲೆಂದು ಹೇರಿದ ಕಲ್ಲಿನ ಭಾರಕ್ಕೆ ಸೀಳಿದ ಶೀಟು, ಇವುಗಳನ್ನು ಬದಲಿಸಲೇಬೇಕು. ಕೂದಲೆಳೆಯ ಬಿರುಕು ಒಂದೆರಡಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಸೀಲಂಟ್ ಪಟ್ಟಿ ಅಂಟಿಸುವುದು ಸಾಕು. ಒರೆಸಿದ ಬಟ್ಟೆ ಮತ್ತೆ ಬಳಕೆಗಲ್ಲ.

ಬಾಡಿಗೆಗೆ ಇರುವವರು ಮನೆಯ ಮಾಲೀಕರಿಗೆ ಫೋಟೊ ಸಮೇತ ವಾಟ್ಸ್‌ಆ್ಯಪ್‌ನಲ್ಲಿ ಬರೆದು ತಿಳಿಸುವುದು ಒಳ್ಳೆಯದು. ಬಾಯಿಮಾತಿಗೆ ದಾಖಲೆ ಇರುವುದಿಲ್ಲ.

ಬಿಚ್ಚುವ ದಿನ

ಈ ಕೆಲಸದಲ್ಲಿ ಮೂವತ್ತು ವರ್ಷದ ನಂತರದ ಕ್ಯಾನ್ಸರ್‌ಗಿಂತ ಮೊದಲು ಬರುವ ಸಾವು ಒಂದಿದೆ. ಹಳೆಯ ಶೀಟು ಆಳಿನ ತೂಕ ತಾಳುವುದಿಲ್ಲ. ಮೇಲಿಂದ ಗಟ್ಟಿಯಾಗಿ ಕಂಡದ್ದು ಕಾಲಿಟ್ಟ ಕೂಡಲೇ ಬಿಸ್ಕತ್ತಿನಂತೆ ಮುರಿದು, ಮನುಷ್ಯ ಇಪ್ಪತ್ತು ಅಡಿ ಕೆಳಗಿನ ಯಂತ್ರದ ಮೇಲೆ ಬೀಳುತ್ತಾನೆ. ಆದ್ದರಿಂದ ಆದಷ್ಟು ಕೆಲಸ ಕೆಳಗಿನಿಂದ, ಸಾರುವೆ ಕಟ್ಟಿ ಮಾಡಿ. ಮೇಲೆ ಹತ್ತಲೇಬೇಕಾದರೆ ಕನಿಷ್ಠ ಮೂರು ಅಡ್ಡಪಟ್ಟಿಗಳ ಮೇಲೆ ಕೂರುವಷ್ಟು ಉದ್ದದ ಹಲಗೆ ಹಾಸಿ, ಇಡೀ ಮೈಗೆ ತೊಡುವ ಸುರಕ್ಷತಾ ಪಟ್ಟಿಯನ್ನು (ಹಾರ್ನೆಸ್) ಚಾವಣಿ ಹೊತ್ತ ಕಬ್ಬಿಣದ ಟ್ರಸ್‌ಗೆ ಕಟ್ಟಿಕೊಳ್ಳಬೇಕು. ಬೋಲ್ಟುಗಳ ಸಾಲಿನ ಮೇಲೆ ನಡೆದರೆ ಬೀಳುವುದಿಲ್ಲವೆಂಬ ಹಳಬರ ಲೆಕ್ಕಾಚಾರವನ್ನು ನೆಚ್ಚಿಕೊಳ್ಳಬಾರದು.

ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು ಆರಿಸಿ, ಹಿಂದಿನ ದಿನವೇ ಅಕ್ಕಪಕ್ಕದ ಮನೆಗಳಿಗೆ ಹೇಳಿ. ಅವರು ಕಿಟಕಿ ಮುಚ್ಚಲಿ, ಒಣಗಲು ಹಾಕಿದ ಬಟ್ಟೆ, ಹಪ್ಪಳ, ನೀರಿನ ಡ್ರಮ್ಮು ಒಳಗಿಡಲಿ, ಮಕ್ಕಳನ್ನು ಬೇರೆ ಕಡೆಗೆ ಕಳುಹಿಸಲಿ. ಕೆಳಗಿರುವ ಸಾಮಾನು ತೆಗೆಯಲಾಗದಿದ್ದರೆ ಪಾಲಿಥಿನ್ ಹಾಳೆಯಿಂದ ಮುಚ್ಚಿ.

ಕರ್ಚೀಫು, ಆಸ್ಪತ್ರೆಯ ನೀಲಿ ಮಾಸ್ಕು ಈ ಎಳೆಗಳನ್ನು ತಡೆಯುವುದಿಲ್ಲ. ಕೋವಿಡ್ ಕಾಲದಿಂದ ಮನೆಮಾತಾದ ಎನ್95 ಕೂಡ ಕಲ್ನಾರಿಗೆ ಶಿಫಾರಸಾದದ್ದಲ್ಲ. ಸುರಕ್ಷತಾ ಸಾಮಗ್ರಿಯ ಅಂಗಡಿಗಳಲ್ಲಿ ಪಿ100 ಅಥವಾ ಪಿ3 ಫಿಲ್ಟರು ಹಾಕಿದ ರಬ್ಬರಿನ ಅರ್ಧಮುಖ ಮಾಸ್ಕು, ಇಲ್ಲವೇ ಎಫ್‌ಎಫ್‌ಪಿ3 ಎಂದು ಮುದ್ರಿಸಿರುವ ಮಾಸ್ಕು ಕೇಳಿ ಪಡೆಯಿರಿ. ಗಡ್ಡ ಇದ್ದರೆ ಅಂಚು ಕೂರುವುದಿಲ್ಲ. ಆ ದಿನ ಬೋಳಿಸಿಕೊಂಡೇ ಬರಬೇಕು. ಒಂದೇ ಬಾರಿ ಬಳಸಿ ಎಸೆಯುವ ಮೇಲುಡುಪು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಪೂರ್ಣ ತೋಳಿನ ನುಣ್ಣನೆ ಬಟ್ಟೆ ಮತ್ತು ತಲೆಗೆ ಟೋಪಿ.

ಇನ್ನು ನೀರು. ತೋಟಕ್ಕೆ ಔಷಧಿ ಹೊಡೆಯುವ ಕೈಪಂಪಿನಲ್ಲಿ ನೀರಿನ ಜೊತೆ ನಾಲ್ಕಾರು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಶೀಟಿನ ಎರಡೂ ಮೈಗೆ, ಬೋಲ್ಟಿನ ಬುಡಕ್ಕೆ, ಒಡೆದ ಅಂಚಿಗೆ ಹದವಾಗಿ ಸಿಂಪಡಿಸಿ. ಸೋಪು ಇದ್ದರೆ ನೀರು ಜಾರಿಹೋಗದೆ ಒಳಗೆ ಇಂಗುತ್ತದೆ. ಮೇಲಿರುವವರ ಕಾಲು ಜಾರದಷ್ಟು ಮಾತ್ರ ಸಾಕು, ಹೊಳೆ ಹರಿಸಬೇಕಿಲ್ಲ. ತುಕ್ಕು ಹಿಡಿದ ಜೆ-ಬೋಲ್ಟು ತಿರುಗದಿದ್ದರೆ ಶೀಟನ್ನು ಕೆತ್ತದೆ, ಕೆಳಗಿನಿಂದ ಬೋಲ್ಟನ್ನೇ ಬೋಲ್ಟ್ ಕಟರಿನಿಂದಲೋ ಹ್ಯಾಕ್ಸಾದಿಂದಲೋ ಕತ್ತರಿಸಿ. ಶೀಟನ್ನು ಇಡಿಯಾಗಿ ಎತ್ತಿ, ಹಗ್ಗದಲ್ಲಿ ಇಳಿಸಿ, ಕೆಳಗೆ ಹಾಸಿದ ದಪ್ಪ ಪಾಲಿಥಿನ್ ಮೇಲೆ ಒಂದರ ಮೇಲೊಂದು ಜೋಡಿಸಿ. ‘ಕೆಳಗೆ ಯಾರೂ ಇಲ್ಲ, ಬಿಡು’ ಎಂದು ಮೇಲಿಂದ ಎಸೆಯುವುದೇ ವಾಡಿಕೆ. ಅರ್ಧ ದಿನದ ಕೂಲಿ ಉಳಿಯುತ್ತದೆ, ಇಡೀ ಓಣಿಗೆ ದೂಳು ಹರಡುತ್ತದೆ. ಹೀಗೆ ಎಸೆಯುವುದಿಲ್ಲವೆಂದು ಕೂಲಿ ಮಾತಾಡುವಾಗಲೇ ಮೇಸ್ತ್ರಿಯಿಂದ ಒಪ್ಪಿಸಿಕೊಳ್ಳಿ, ಅದಕ್ಕೆ ಹೆಚ್ಚಿನ ಕೂಲಿ ಕೇಳಿದರೆ ಚೌಕಾಸಿ ಮಾಡಬೇಡಿ.

ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯಬಾರದು, ಮನೆಯ ವ್ಯಾಕ್ಯೂಮ್ ಕ್ಲೀನರೂ ಬೇಡ. ಅದರ ಚೀಲದಿಂದ ಸೂಕ್ಷ್ಮ ಎಳೆಗಳು ಮತ್ತೆ ಕೋಣೆಗೆ ಬರುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನೂ ಕಟ್ಟಿಡಿ.

ಹೊಸದಾಗಿ ಇದೇ ಶೀಟು ಹಾಕಬೇಡಿ ಎಂಬುದು ನನ್ನ ಸಲಹೆ. ತಗಡು ಬಿಸಿಲಿಗೆ ಕಾಯುತ್ತದೆ, ಮಳೆಗೆ ಡೋಲು ಬಾರಿಸುತ್ತದೆ, ನಿಜ. ಅದರ ಕೆಳಗೆ ಬಿಸಿಲು ತಡೆಯುವ ಪದರ ಹಾಕಿದರೆ ಎರಡೂ ತಗ್ಗುತ್ತವೆ. ದುಡ್ಡಿನ ಕಾರಣಕ್ಕೆ ಅದನ್ನೇ ಹಾಕಲೇಬೇಕಾದವರು ಅಳತೆಗೆ ಕತ್ತರಿಸುವ ಬದಲು ಅಳತೆಗೆ ಸಿಗುವುದನ್ನು ಕೊಳ್ಳಲಿ. ಒಂದೂವರೆ ಮೀಟರಿನಿಂದ ಮೂರು ಮೀಟರಿನವರೆಗೆ ಕಾಲು ಮೀಟರಿನ ಅಂತರದಲ್ಲಿ ಶೀಟು ತಯಾರಾಗುತ್ತದೆ, ಉಳಿದ ಅಂತರವನ್ನು ಒಂದರ ಮೇಲೊಂದು ಹೆಚ್ಚು ಹೊದಿಸಿ ಸರಿದೂಗಿಸಬಹುದು. ನಾಲ್ಕು ಶೀಟು ಕೂಡುವಲ್ಲಿ ಮೂಲೆ ಕತ್ತರಿಸುವುದು ಅನಿವಾರ್ಯವಾದರೆ ಅಂಚು ನೆನೆಸಿ, ಕೈಗರಗಸದಿಂದ, ಬಯಲಿನಲ್ಲಿ ಕತ್ತರಿಸಿ. ಗ್ರೈಂಡರ್ ಬೇಡವೇ ಬೇಡ.

ಚೂರುಗಳ ಗತಿ

ನಾನಿರುವ ಬೀದಿಯಲ್ಲಿ ಒಡೆದ ಶೀಟಿಗೆ ಹತ್ತು ಉಪಯೋಗಗಳಿವೆ. ಚರಂಡಿಯ ಮುಚ್ಚಳ, ಕೋಳಿಗೂಡಿನ ಮಾಡು, ರಸ್ತೆಗುಂಡಿ ತುಂಬುವ ಕಲ್ಲು, ಗಾಡಿ ನಿಲ್ಲಿಸುವ ಜಾಗದ ಹಾಸು. ಗಾಡಿಯ ಚಕ್ರ ದಿನವೂ ಅದನ್ನು ಅರೆಯುತ್ತದೆ. ಚೂರನ್ನು ಬೆಂಕಿಗೆ ಹಾಕಿದರೆ ಪಟಾಕಿಯಂತೆ ಸಿಡಿಯುತ್ತದೆಂದು ಮಕ್ಕಳಿಗೂ ಗೊತ್ತು; ಚಳಿಗಾಲದಲ್ಲಿ ಬೆಂಕಿ ಕಾಯಿಸುವಾಗ ಅದೇ ಆಟ. ಕಣ್ಣಿಗೂ ಅಪಾಯ, ಉಸಿರಿಗೂ ಅಪಾಯ. ಇವಿಷ್ಟನ್ನೂ ನಿಲ್ಲಿಸಬೇಕು.

ಕಾರ್ಖಾನೆಗಳ ಮಟ್ಟಿಗೆ ಕಾನೂನು ಸ್ಪಷ್ಟವಾಗಿದೆ: ಕಲ್ನಾರು ಅಥವಾ ಕಲ್ನಾರು ಇರುವ ವಸ್ತುಗಳ ತಯಾರಿಕೆಯಿಂದ ಬರುವ ತ್ಯಾಜ್ಯವು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ, ಅದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ವಿಲೇವಾರಿ ಕೇಂದ್ರಕ್ಕೇ ಹೋಗಬೇಕು. ಮನೆಯವರ ಕಷ್ಟ ಬೇರೆ. ನಮ್ಮ ಬೀದಿಯ ಕಸದ ಆಟೊ ಶೀಟನ್ನು ಮುಟ್ಟುವುದಿಲ್ಲ, ಟ್ರ್ಯಾಕ್ಟರಿನವನು ಕತ್ತಲಾದ ಮೇಲೆ ಕೆರೆಯಂಚಿಗೆ ಸುರಿಯುತ್ತಾನೆ. ಆದ್ದರಿಂದ ನೆನೆಸಿದ ಶೀಟನ್ನು ಇಡಿಯಾಗಿಯೇ ಎರಡು ಪದರ ಪಾಲಿಥಿನ್‌ನಲ್ಲಿ ಸುತ್ತಿ, ಟೇಪು ಹಾಕಿ, ‘ಕಲ್ನಾರು, ಒಡೆಯಬೇಡಿ’ ಎಂದು ದೊಡ್ಡದಾಗಿ ಬರೆದಿಟ್ಟು, ಪಾಲಿಕೆಯ ವಾರ್ಡ್ ಎಂಜಿನಿಯರಿಗೂ ಮಂಡಳಿಯ ಪ್ರಾದೇಶಿಕ ಕಚೇರಿಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಕಟ್ಟಡ ಒಡೆದ ಇಟ್ಟಿಗೆ, ಕಾಂಕ್ರೀಟಿನ ಜೊತೆ ಮಾತ್ರ ಬೆರೆಸಬೇಡಿ. ಅದು ಪುಡಿ ಮಾಡುವ ಯಂತ್ರಕ್ಕೆ ಹೋದರೆ ಅಲ್ಲಿನವರ ಎದೆ ಸೇರುತ್ತದೆ. ಸೀಳದ ಹಳೆಯ ಶೀಟನ್ನು ಊರಿನ ಕೊಟ್ಟಿಗೆಗೆ ಒಯ್ಯುವವರಿದ್ದಾರೆ. ಅದು ಆದರ್ಶವಲ್ಲ, ಒಡೆದು ಸುರಿಯುವುದಕ್ಕಿಂತ ಎಷ್ಟೋ ಮೇಲು.

ಶೆಡ್ಡಿನ ಒಳಗೆ ದುಡಿಯುವವರು

ಚಾವಣಿಗಿಂತ ಹೆಚ್ಚು ಹತ್ತಿರದಿಂದ ಕಲ್ನಾರು ಮುಟ್ಟುವ ಕೈಗಳು ಕಾರ್ಖಾನೆಯೊಳಗಿವೆ. ಫರ್ನೇಸಿನ ಬಾಗಿಲಿಗೆ ಸುತ್ತುವ ಬಿಳಿ ಹಗ್ಗ, ಬಾಯ್ಲರಿನ ಮ್ಯಾನ್‌ಹೋಲ್ ಮುಚ್ಚಳದ ಪಟ್ಟಿ, ಪೈಪಿನ ಫ್ಲೇಂಜಿಗೆ ಕತ್ತರಿಸುವ ಗ್ಯಾಸ್ಕೆಟ್ ಹಾಳೆ, ಹಳೆಯ ಹಬೆ ಪೈಪಿನ ಮೇಲೆ ಶಾಖ ಹಿಡಿದಿಡಲು ಸುತ್ತಿದ ಹೊದಿಕೆ ಅಂದರೆ ಲ್ಯಾಗಿಂಗ್, ಕಿಡಿ ತಡೆಯುವ ವೆಲ್ಡಿಂಗ್ ಬಟ್ಟೆ, ಗ್ಯಾರೇಜಿನ ಬ್ರೇಕ್ ಲೈನರ್. ಸಿಮೆಂಟ್ ಶೀಟಿನಲ್ಲಿ ನಾರು ಹತ್ತನೆಯ ಒಂದು ಪಾಲಾದರೆ, ಹಗ್ಗ ಬಹುತೇಕ ನಾರೇ, ಅದನ್ನು ಕಟ್ಟಿ ಹಿಡಿಯುವ ಸಿಮೆಂಟೂ ಇಲ್ಲ. ಹಳೆಯ ಹಗ್ಗ ಕಿತ್ತು ಬೆಂಚಿನ ಮೇಲೆ ಬಡಿದಾಗ ಕಿಟಕಿಯ ಬಿಸಿಲುಕೋಲಿನಲ್ಲಿ ಮಿನುಗುವ ದೂಳನ್ನು ಫಿಟ್ಟರ್ ಕೆಲಸದವರು ನೋಡಿಯೇ ಇರುತ್ತಾರೆ.

ಹೊಸ ಸಾಮಾನು ಬಂದಾಗ ಅದರಲ್ಲಿ ಕಲ್ನಾರು ಇದೆಯೇ ಎಂಬುದನ್ನು ಪೂರೈಸಿದವರಿಂದ ಬರವಣಿಗೆಯಲ್ಲಿ ಪಡೆಯುವಂತೆ ಸ್ಟೋರ್ಸ್‌ನವರನ್ನು ಕೇಳಿ. ಗ್ರಾಫೈಟ್, ಅರಮಿಡ್, ಗ್ಲಾಸ್‌ಫೈಬರಿನ ಬದಲಿಗಳು ಮಾರುಕಟ್ಟೆಯಲ್ಲಿವೆ. ಸೆರಾಮಿಕ್ ಫೈಬರ್ ತಂದರೆ ಅದರ ದೂಳೂ ಉಸಿರಿಗೆ ಒಳ್ಳೆಯದಲ್ಲವೆಂಬುದು ನೆನಪಿರಲಿ. ಅಂಟಿಕೊಂಡ ಗ್ಯಾಸ್ಕೆಟ್ಟನ್ನು ತಂತಿ ಚಕ್ರ ಹಾಕಿ ಉಜ್ಜದೆ, ನೆನೆಸಿ ಕೈ ಸ್ಕ್ರೇಪರಿನಿಂದ ಎಬ್ಬಿಸಬೇಕು. ಬ್ರೇಕ್ ಡ್ರಮ್ಮಿಗೆ ಕಂಪ್ರೆಸರಿನ ಗಾಳಿ ಹೊಡೆಯುವ ಅಭ್ಯಾಸ ಬಿಡಬೇಕು, ಒದ್ದೆ ಬಟ್ಟೆಯಿಂದ ಒರೆಸಬೇಕು. ಉದುರುವ ಹಳೆಯ ಲ್ಯಾಗಿಂಗನ್ನು ಮಾತ್ರ, ತರಬೇತಿಯಿಲ್ಲದ ಯಾರೂ ಮುಟ್ಟಬಾರದು. ಕಲ್ನಾರು ಬಳಸಿ ವಸ್ತು ತಯಾರಿಸುವ ಕಾರ್ಖಾನೆಯಾದರೆ ಗಾಳಿಯಲ್ಲಿನ ಎಳೆಗಳನ್ನು ಮೆಂಬ್ರೇನ್ ಫಿಲ್ಟರಿನಲ್ಲಿ ಹಿಡಿದು ಎಣಿಸಿದ ವರದಿ ಇರಲೇಬೇಕು. ಅದನ್ನು ನೋಡಲು ಕೇಳಿ. ಹೋಲಿಕೆಗೆ ಹೇಳುವುದಾದರೆ, ಅಮೆರಿಕದಲ್ಲಿ ಎಂಟು ಗಂಟೆಯ ಪಾಳಿಯ ಸರಾಸರಿ ಮಿತಿ ಒಂದು ಘನ ಸೆಂಟಿಮೀಟರ್ ಗಾಳಿಗೆ 0.1 ಎಳೆ.

ಬಟ್ಟೆ ಮನೆಗೆ ಬರಬಾರದು

ಇಟಲಿಯ ಕಸಾಲೆ ಮೊನ್‌ಫೆರಾಟೊ ಎಂಬ ಪಟ್ಟಣದಲ್ಲಿ ಎಟರ್ನಿಟ್ ಕಂಪನಿಯ ಕಲ್ನಾರು ಸಿಮೆಂಟ್ ಕಾರ್ಖಾನೆ 1907ರಿಂದ 1986ರವರೆಗೆ ನಡೆಯಿತು. ಅಲ್ಲಿ ಮೀಸೊಥೀಲಿಯೋಮಕ್ಕೆ ಬಲಿಯಾದವರು ಕಾರ್ಮಿಕರಷ್ಟೇ ಅಲ್ಲ. ಗಂಡಂದಿರ ಮೇಲಂಗಿ ಒಗೆದ ಹೆಂಗಸರು, ಕಾರ್ಖಾನೆಯ ಗೇಟನ್ನೇ ದಾಟದ ಊರಿನವರೂ ಸತ್ತರು. ಪೈಪು ನಯಗೊಳಿಸುವಾಗ ಉದುರಿದ ಪುಡಿಯನ್ನು ಜನ ಅಂಗಳಕ್ಕೆ ಹಾಸಲು, ಅಟ್ಟಕ್ಕೆ ತುಂಬಲು ಒಯ್ದಿದ್ದರು. ಕಾರ್ಖಾನೆ ಮುಚ್ಚಿ ದಶಕಗಳು ಕಳೆದರೂ ಹೊಸ ರೋಗಿಗಳು ಕಾಣಿಸಿಕೊಳ್ಳುತ್ತಲೇ ಇದ್ದರು.

ಕೆಲಸದ ಬಟ್ಟೆ, ಬೂಟು ಶೆಡ್ಡಿನಲ್ಲೇ ಉಳಿಯಬೇಕು ಎಂದು ಹೇಳುವುದು ಇದಕ್ಕೇ. ಒಗೆಸುವ ಹೊಣೆ ಮಾಲೀಕರದು. ದಿನಗೂಲಿಯವರಿಗೆ ಆ ಸೌಕರ್ಯ ಸಿಗದಿದ್ದರೆ, ಬಟ್ಟೆಯನ್ನು ಕೊಡವದೆ, ಮೈಮೇಲೆ ಇರುವಾಗಲೇ ನೀರು ಸಿಂಪಡಿಸಿ ಬಿಚ್ಚಿ, ಚೀಲದೊಳಗೆ ಕಟ್ಟಿ ತಂದು, ನೇರವಾಗಿ ಬಕೆಟ್ಟಿನ ನೀರಿಗೆ ಮುಳುಗಿಸಿ, ಬೇರೆಯವರ ಬಟ್ಟೆಯ ಜೊತೆ ಸೇರಿಸದೆ ನೀವೇ ಒಗೆಯಿರಿ. ತಲೆಗೆ ಸ್ನಾನ ಆದ ಮೇಲೆ ಮಗುವನ್ನು ಎತ್ತಿಕೊಳ್ಳಿ.

ಡಾಕ್ಟರಿಗೆ ಏನು ಹೇಳಬೇಕು

ಒಂದು ದಿನ ದೂಳು ಕುಡಿದೆನೆಂದು ಮರುದಿನ ಎಕ್ಸ್‌ರೇ ತೆಗೆಸಿದರೆ ಏನೂ ಕಾಣುವುದಿಲ್ಲ, ದುಡ್ಡು ದಂಡ. ರೋಗ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ವರ್ಷಗಳ ನಂತರ, ಮತ್ತು ಉಸಿರಾಡಿದ ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. ವರ್ಷಗಟ್ಟಲೆ ಈ ಕೆಲಸ ಮಾಡಿದವರು ಎದೆಯ ಎಕ್ಸ್‌ರೇ ಮತ್ತು ಊದಿ ಮಾಡುವ ಸ್ಪೈರೋಮೆಟ್ರಿ ಪರೀಕ್ಷೆಯನ್ನು ಕ್ರಮವಾಗಿ ಮಾಡಿಸಿಕೊಳ್ಳಬೇಕು. ಮೆಟ್ಟಿಲು ಹತ್ತುವಾಗ ಏದುಸಿರು, ಬಿಡದ ಒಣಕೆಮ್ಮು, ಎದೆಯ ಒಂದು ಪಕ್ಕ ನೋವು, ಬೆರಳ ತುದಿ ಉಬ್ಬುವುದು ಇದ್ದರೆ ಎದೆರೋಗ ತಜ್ಞರು ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಎಚ್‌ಆರ್‌ಸಿಟಿ ಸ್ಕ್ಯಾನ್ ಬರೆದುಕೊಡಬಹುದು.

ನಮ್ಮಲ್ಲಿ ಕೆಮ್ಮು, ಏದುಸಿರು ಎಂದರೆ ಮೊದಲು ನೆನಪಾಗುವುದು ಕ್ಷಯ. ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಆರು ತಿಂಗಳ ಮಾತ್ರೆ ನುಂಗಿ ಏನೂ ಗುಣವಾಗದವರು, ತಾವು ಶೀಟು ಕೊಯ್ಯುತ್ತಿದ್ದೆವು, ಫರ್ನೇಸಿನ ಹಗ್ಗ ಸುತ್ತುತ್ತಿದ್ದೆವು ಎಂಬುದನ್ನು ಡಾಕ್ಟರು ಕೇಳದಿದ್ದರೂ ತಾವಾಗಿಯೇ ಹೇಳಬೇಕು. ಬೀಡಿ, ಸಿಗರೇಟು ಇವತ್ತೇ ನಿಲ್ಲಬೇಕು. ಕಲ್ನಾರು ಮತ್ತು ತಂಬಾಕಿನ ಹೊಗೆ ಕೂಡಿದಾಗ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಒಂದಕ್ಕೊಂದು ಕೂಡಿದ್ದಕ್ಕಿಂತ ಬಹಳ ಮೇಲೇರುತ್ತದೆ. ಬೆಂಗಳೂರಿನಲ್ಲಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ, ನಿಮ್ಹಾನ್ಸ್ ಬಳಿಯ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇಂಥ ತಪಾಸಣೆಗೆ ಹೋಗಬಹುದಾದ ಸರ್ಕಾರಿ ಸ್ಥಳಗಳು.

ದಾಖಲೆ

ಸುಪ್ರೀಂ ಕೋರ್ಟ್ 1995ರ ಜನವರಿ 27ರಂದು ಕನ್ಸ್ಯೂಮರ್ ಎಜುಕೇಶನ್ ಆ್ಯಂಡ್ ರಿಸರ್ಚ್ ಸೆಂಟರ್ ಪ್ರಕರಣದಲ್ಲಿ ನೀಡಿದ ತೀರ್ಪು ಕಲ್ನಾರು ಕಾರ್ಮಿಕರಿಗೆ ದೊಡ್ಡ ಆಸರೆ. ಕಲ್ನಾರು ಉದ್ಯಮದ ಪ್ರತಿ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದೂ, ರೋಗ ಸಾಬೀತಾದವರಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ಕೋರ್ಟ್ ಹೇಳಿತು. ಆಸ್ಬೆಸ್ಟೋಸಿಸ್ 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿತ್ತು, ಆ ಕಾಯ್ದೆಯ ಜಾಗಕ್ಕೆ ಬಂದ 2020ರ ವೃತ್ತಿ ಸುರಕ್ಷತೆಯ ಸಂಹಿತೆಯಲ್ಲೂ ಇದೆ. ಅಂದರೆ ಅದನ್ನು ಪತ್ತೆಮಾಡಿದ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು. ಕರ್ನಾಟಕದಲ್ಲಿ ದೂರು ಕೊಡಬೇಕಾದ ಕಡೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ.

ಆದರೆ ಗುತ್ತಿಗೆಯಲ್ಲಿ ಶೆಡ್ಡಿನಿಂದ ಶೆಡ್ಡಿಗೆ ತಿರುಗುವವರ ದಾಖಲೆಯನ್ನು ನಲವತ್ತು ವರ್ಷ ಇಡುವವರು ಯಾರು? ಅವರೇ ಇಟ್ಟುಕೊಳ್ಳಬೇಕು. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಕೆಲಸ ಮಾಡಿದ ಜಾಗ, ಗುತ್ತಿಗೆದಾರರ ಹೆಸರು, ತಿಂಗಳು, ವರ್ಷ, ಕೈಯಲ್ಲಿ ಮಾಡಿದ ಕೆಲಸ, ಜೊತೆಗಿದ್ದ ಇಬ್ಬರ ಹೆಸರು, ಇಷ್ಟನ್ನು ಬರೆಯಿರಿ. ಸಂಬಳದ ಚೀಟಿ, ಗೇಟ್‌ಪಾಸ್, ಇಎಸ್‌ಐ ಸಂಖ್ಯೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು, ಇವುಗಳ ನಕಲನ್ನು ಅದೇ ಪುಸ್ತಕದೊಳಗೆ ಇಡಿ. ಹಳೆಯ ಎಕ್ಸ್‌ರೇ ಫಿಲ್ಮನ್ನು ಎಸೆಯಬೇಡಿ, ಮುಂದಿನದರ ಜೊತೆ ಹೋಲಿಸಲು ಬೇಕಾಗುತ್ತದೆ. ಪುಸ್ತಕ ಎಲ್ಲಿದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ. ಪರಿಹಾರದ ಅರ್ಜಿ ಬರೆಯುವ ಹೊತ್ತಿಗೆ ಅದನ್ನು ತೆರೆಯುವವರು ಬಹುಶಃ ಅವರೇ ಆಗಿರುತ್ತಾರೆ.